ಅಕ್ರೊಪಾಂಗಿನ ಶಾಲೆ: ಬಾಸೆಲ್ ಮಿಷನ್ನಿನ ಇನ್ನೊಂದು ಕರಾವಳಿ

ಬಾಸೆಲ್ ಮಿಷನ್, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ, ಅಂದ ತಕ್ಷಣ ನಮ್ಮ ಮಂಗಳೂರಲ್ಲಿ ಹಂಚಿನ ಕಾರ್ಖಾನೆ, ಬಲ್ಮಠದ ಪ್ರೆಸ್ಸು, ಕಿಟೆಲ್ ನಿಘಂಟು, ಇಷ್ಟು ಎಲ್ರಿಗೂ ಗೊತ್ತು. ಆದ್ರೆ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಅಂತ ಮೂವರು ಇಲ್ಲಿಗೆ ಬಂದಿಳಿಯೋ ಹೊತ್ತಿಗೆ ಇದೇ ಸಂಸ್ಥೆ ಆಫ್ರಿಕಾದ ಪಶ್ಚಿಮ ಕರಾವಳಿಗೆ ಜನರನ್ನ ಕಳಿಸೋಕೆ ಶುರು ಮಾಡಿ ಆರು ವರ್ಷ ಆಗಿತ್ತು, ಕಳಿಸಿದವರಲ್ಲಿ ಹೆಚ್ಚಿನವರು ಅಲ್ಲೇ ಮಣ್ಣಾಗಿದ್ರು. ಇವತ್ತಿನ ಘಾನಾ ದೇಶ, ಆಗ ಅದಕ್ಕೆ ಗೋಲ್ಡ್ ಕೋಸ್ಟ್ ಅಂತ ಹೆಸರು. 1828ರ ಡಿಸೆಂಬರಲ್ಲಿ ನಾಲ್ಕು ಜನ ಯುವಕರು ಈಗಿನ ಅಕ್ರಾ ಹತ್ರ ಓಸು ಅನ್ನೋ ಊರಲ್ಲಿ ಡೆನ್ಮಾರ್ಕಿನವರ ಕೋಟೆ ಪಕ್ಕ ಇಳಿದ್ರು. ಮುಂದಿನ ವರ್ಷದ ಆಗಸ್ಟಿಗೆಲ್ಲ ಅವರಲ್ಲಿ ಮೂರು ಜನ ಜ್ವರಕ್ಕೆ ಹೋದ್ರು, ನಾಲ್ಕನೆಯವನು 1831ರಲ್ಲಿ ಹೋದ. 1832ರಲ್ಲಿ ಇನ್ನೂ ಮೂವರು ಬಂದ್ರು, ಅದರಲ್ಲಿ ಒಬ್ಬ ಡಾಕ್ಟರು, ಮೊದಲು ಸತ್ತವನು ಆ ಡಾಕ್ಟರೇ. ಉಳ್ಕೊಂಡವನು ಆಂಡ್ರಿಯಾಸ್ ರೀಸ್ ಅಂತ ಒಬ್ಬನೇ, ಅವನಿಗೂ ಜ್ವರ ಬಂದು ಇನ್ನೇನು ಹೋದ ಅನ್ನುವಾಗ ಅಲ್ಲಿನ ನಾಟಿ ವೈದ್ಯನ ಔಷಧಿ ಉಳಿಸ್ತು. ಕಲಿಸೋಕೆ ಅಂತ ಬಂದವನ ಜೀವ ಉಳಿದಿದ್ದು ಆ ಊರಿನವರ ಕಲಿಕೆಯಿಂದ, ಇದನ್ನ ಸ್ವಲ್ಪ ನೆನಪಲ್ಲಿಟ್ಕೊಂಡಿರಿ.

ಇವತ್ತು ನಾನು ಮಾತಾಡೋಕೆ ಹೊರಟಿರೋದು ಮಿಷನ್ನಿನವರು ಒಳ್ಳೇವ್ರಾ ಕೆಟ್ಟವ್ರಾ ಅಂತಲ್ಲ. ಆ ಜಗಳ ನಮ್ಮಲ್ಲೂ ಸಾಕಷ್ಟಿದೆ, ಘಾನಾದಲ್ಲೂ ಇದೆ, ಎರಡೂ ಕಡೆ ಮಾತಾಡೋರು ಹೇಳಿದ್ದನ್ನೇ ಹೇಳ್ತಾರೆ, ಒಂದು ಕಡೆಯವರು ಅಕ್ಷರ ಕೊಟ್ರು ಅಂತಾರೆ, ಇನ್ನೊಂದು ಕಡೆಯವರು ಸಂಸ್ಕೃತಿ ಹಾಳು ಮಾಡಿದ್ರು ಅಂತಾರೆ. ಎರಡರಲ್ಲೂ ಆಫ್ರಿಕದವರು ಸುಮ್ನೆ ಕೂತಿರ್ತಾರೆ, ಯಾರೋ ಬಂದು ಏನೋ ಮಾಡಿಬಿಡ್ತಾರೆ. ಹಾಗಾಗ್ಲಿಲ್ಲ. ಆ ಜನ ಶಾಲೆ ಜೊತೆ ನೂರು ವರ್ಷ ಚೌಕಾಸಿ ಮಾಡಿದ್ರು, ಬೇಕಾದ್ದು ತಗೊಂಡ್ರು, ಬೇಡದ್ದಕ್ಕೆ ಬಾಗಿಲು ಹಾಕಿದ್ರು, ಬಹಳಷ್ಟು ಸಲ ಮಿಷನ್ ಏನು ಬಿತ್ತಿತ್ತೋ ಅದು ಬಿಟ್ಟು ಬೇರೇನೇ ಬೆಳೀತು. ಆ ಕಥೆ ಹೇಳ್ತೀನಿ.

ರೀಸ್ 1835ರಲ್ಲಿ ಕರಾವಳಿ ಬಿಟ್ಟು ಬೆಟ್ಟದ ಮೇಲಿರೋ ಅಕ್ರೊಪಾಂಗ್ ಅನ್ನೋ ಊರಿಗೆ ಹೋದ, ಅದು ಅಕುವಾಪೆಮ್ ಅನ್ನೋ ಚಿಕ್ಕ ರಾಜ್ಯದ ರಾಜಧಾನಿ. ಅಲ್ಲಿನ ರಾಜ ಆದ್ದೊ ದಾಂಕ್ವಾ ಅವನನ್ನ ಒಳಗೆ ಬಿಟ್ಕೊಂಡ, ಜಾಗ ಕೊಟ್ಟ. ರೀಸ್ ಅಲ್ಲಿ ಕಲ್ಲಿನ, ಮರದ ಮನೆ ಕಟ್ಟಿದ, ಜನ ಅವನಿಗೆ ಮನೆ ಕಟ್ಟೋನು ಅನ್ನೋ ಅರ್ಥದ ಅಡ್ಡಹೆಸರು ಇಟ್ರು. ಪಾದ್ರಿ ಅಂತಲ್ಲ, ಗುರು ಅಂತಲ್ಲ, ಮನೆ ಕಟ್ಟೋನು! ಅವರ ಕಣ್ಣಿಗೆ ಅವನಲ್ಲಿ ಕಂಡ ಉಪಯೋಗದ ಕೆಲಸ ಅದೊಂದೇ. 1840ರಲ್ಲಿ ಅವನು ವಾಪಸ್ ಯುರೋಪಿಗೆ ಹೊರಟಾಗ ಒಬ್ಬನೇ ಒಬ್ಬ ಕೂಡ ಕ್ರೈಸ್ತ ಆಗಿರ್ಲಿಲ್ಲ. ಹೊರಡುವಾಗ ರಾಜ ಹೇಳಿದ ಅಂತ ಒಂದು ಮಾತು ಅಲ್ಲಿನ ಸಭೆಯ, ಅಂದ್ರೆ ಚರ್ಚಿನ ಜನರ, ಪರಂಪರೇಲಿ ಇವತ್ತಿಗೂ ಓಡಾಡುತ್ತೆ, ಸಾರಾಂಶ ಇಷ್ಟು: ದೇವರು ಬಿಳಿಯರಿಗೆ ಪುಸ್ತಕ ಕೊಟ್ಟ, ನಮಗೆ ನಮ್ಮ ದೈವಗಳನ್ನ ಕೊಟ್ಟ, ನಿನ್ನ ಪುಸ್ತಕ ಓದೋ ಕರಿಯರನ್ನ ಕರ್ಕೊಂಡು ಬಂದು ತೋರ್ಸು, ಆಮೇಲೆ ನೋಡೋಣ. ನನಗಂತೂ ಇದು ಬಹಳ ಬುದ್ಧಿವಂತ ರಾಜನ ಮಾತು ಅನ್ಸುತ್ತೆ. ಬೇಡ ಅಂತ ಹೇಳ್ಲಿಲ್ಲ, ಸಾಕ್ಷಿ ಕೇಳಿದ.

ಮಿಷನ್ ಸಾಕ್ಷಿ ಹುಡುಕ್ಕೊಂಡು ಹೋಗಿದ್ದು ಎಲ್ಲಿಗೆ ಅಂದ್ರೆ ಜಮೈಕಾಕ್ಕೆ. ಅಲ್ಲಿ ಬ್ರಿಟಿಷರ ಗುಲಾಮಗಿರಿ ಆಗಷ್ಟೇ ಮುಗಿದಿತ್ತು, ಮೊರಾವಿಯನ್ ಅನ್ನೋ ಪ್ರೊಟೆಸ್ಟೆಂಟ್ ಸಭೆಯ ಕರಿಯ ಕ್ರೈಸ್ತರಿದ್ರು, ಅವರಲ್ಲಿ ಕುಟುಂಬ ಸಮೇತ ಬರೋಕೆ ಒಪ್ಪಿದವರನ್ನ ಆರಿಸಿದ್ರು. ಜಮೈಕಾ, ಆಂಟಿಗಾ ಎರಡೂ ಸೇರಿ ಇಪ್ಪತ್ತನಾಲ್ಕು ಜನ, ದೊಡ್ಡವರು ಮಕ್ಕಳು ಎಲ್ಲ ಸೇರಿ, 1843ರ ಏಪ್ರಿಲಲ್ಲಿ ಓಸುವಿನಲ್ಲಿ ಇಳಿದ್ರು. ಇವರ ಹಿರೀಕರನ್ನ ಇದೇ ಆಫ್ರಿಕಾದಿಂದ ಸರಪಳಿ ಹಾಕಿ ಕೊಂಡೊಯ್ದಿದ್ರು, ಮೊಮ್ಮಕ್ಕಳು ಪುಸ್ತಕ ಹಿಡ್ಕೊಂಡು ವಾಪಸ್ ಬಂದ್ರು. ಬರುವಾಗ ಸಸಿ, ಬೀಜ, ಗಡ್ಡೆಗಳನ್ನೂ ತಂದ್ರು, ಕೆಸುವಿನ ಜಾತಿಯ ಒಂದು ಗಡ್ಡೆ, ಬೆಣ್ಣೆಹಣ್ಣು, ಮಾವು. ಮಾವು ಅಂದಾಗ ಒಂದು ಮಾತು, ಮಾವು ಮೂಲತಃ ನಮ್ಮ ಕಡೆಯದ್ದು, ಹದಿನೆಂಟನೇ ಶತಮಾನದ ಕೊನೆಗೆ ಜಮೈಕಾ ಸೇರಿತ್ತು, ಅಲ್ಲಿಂದ ಆಫ್ರಿಕಾದ ಬೆಟ್ಟಕ್ಕೆ ಬಂತು, ಅಕ್ರೊಪಾಂಗಿನ ಕ್ರೈಸ್ತರ ಬೀದೀಲಿ ಸಾಲುಮರ ಆಗಿ ನಿಲ್ತು. ಅದೇ 1843ರ ಜುಲೈಲಿ ಇಲ್ಲಿ ಇದೇ ಮಿಷನ್ನಿನ ಮೋಗ್ಲಿಂಗ್ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದ, ಇದು ಸುಮ್ನೆ ಪಕ್ಕಪಕ್ಕ ಇಟ್ಟು ನೋಡಿ ಅಂತ ಹೇಳಿದ್ದು, ಎರಡಕ್ಕೂ ಸಂಬಂಧ ಇಲ್ಲ, ದುಡ್ಡು ಕಳಿಸ್ತಾ ಇದ್ದ ಆಫೀಸು ಮಾತ್ರ ಒಂದೇ.

ಬಂದ ಜಮೈಕನ್ನರಲ್ಲಿ ಕೆಲವರು ಹೊಂದಿಕೆ ಆಗದೆ ವಾಪಸ್ ಹೋದ್ರು, ಉಳಿದವರು ಉಳಿದ್ರು. ಅವರ ಜೊತೇಲಿ ಬಂದ ಒಬ್ಬ ಹೆಣ್ಣುಮಗಳ ಬಗ್ಗೆ ಹೇಳ್ಲೇಬೇಕು, ಕ್ಯಾಥರಿನ್ ಮಲ್‌ಗ್ರೇವ್. ಇವಳು ಹುಟ್ಟಿದ್ದು ಅಂಗೋಲಾದಲ್ಲಿ. ಚಿಕ್ಕ ಹುಡುಗಿ ಇದ್ದಾಗ್ಲೇ ಗುಲಾಮರ ವ್ಯಾಪಾರಿಗಳು ಹಿಡ್ಕೊಂಡು ಹೋದ್ರು, 1833ರಲ್ಲಿ ಆ ಹಡಗು ಜಮೈಕಾ ಹತ್ರ ಒಡೆದುಹೋಯ್ತು, ಬದುಕಿದವರಲ್ಲಿ ಇವಳೂ ಒಬ್ಬಳು. ಜಮೈಕಾದ ಗವರ್ನರ್ ಮಲ್‌ಗ್ರೇವ್ ಸಾಹೇಬ್ರ ಮನೆಯವರು ಸಾಕಿದ್ರು, ಹಾಗಾಗಿ ಆ ಹೆಸರು. ಕಿಂಗ್‌ಸ್ಟನ್ನಲ್ಲಿ ಟೀಚರ್ ತರಬೇತಿ ಆಯ್ತು, 1843ರಲ್ಲಿ ಓಸುವಿಗೆ ಬಂದು ಹೆಣ್ಣುಮಕ್ಕಳ ಶಾಲೆ ನಡೆಸೋಕೆ ಶುರು ಮಾಡಿದ್ಳು. ಮೊದಲ ಮದುವೆ ಮುರೀತು, ಎರಡು ಮಕ್ಕಳಿದ್ವು. 1851ರಲ್ಲಿ ಯೊಹಾನೆಸ್ ತ್ಸಿಮ್ಮರ್‌ಮಾನ್ ಅನ್ನೋ ಜರ್ಮನ್ ಮಿಷನರಿ ಇವಳನ್ನ ಮದುವೆ ಆದ, ಬಾಸೆಲಿನ ಕಮಿಟಿಗೆ ಕೇಳ್ದೆ. ಕಮಿಟಿಯವರಿಗೆ ತಲೆಕೆಟ್ಟುಹೋಯ್ತು. ಕೆಲಸದಿಂದ ತೆಗೀಲಿಲ್ಲ, ಆದ್ರೆ ಇನ್ಮೇಲೆ ನಿನ್ನನ್ನ ಯುರೋಪಿನವನು ಅಂತ ಲೆಕ್ಕಕ್ಕೆ ತಗೊಳ್ಳಲ್ಲ ಅಂದ್ರು. ಆಗ್ಲಿ ಅಂದ ಅವನು, ಅಲ್ಲೇ ಕೂತು ಓಸು ಕಡೆಯ ಗಾ ಭಾಷೆಗೆ ವ್ಯಾಕರಣ ಬರೆದ, ಪೂರ್ತಿ ಬೈಬಲ್ ಅನುವಾದ ಮುಗಿಸಿದ. ನಮ್ಮ ಕಡೆ ನೋಡಿ, ಮಂಗಳೂರಿನ ಆನಂದರಾವ್ ಕೌಂಡಿನ್ಯ, ಸಾರಸ್ವತ ಬ್ರಾಹ್ಮಣ ಹುಡುಗ, 1844ರಲ್ಲಿ ಕ್ರೈಸ್ತನಾಗಿ ಬಾಸೆಲಿಗೆ ಓದೋಕೆ ಹೋಗಿ 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದವನು, ಅವನೂ ಮುಂದೆ 1860ರಲ್ಲಿ ಜರ್ಮನ್ ಹೆಂಗಸನ್ನ ಮದುವೆಯಾದ. ಅಂತೂ ಇಂಥ ಮದುವೆಗಳಿಂದ ಬಾಸೆಲಿನ ಕಮಿಟಿಯವರಿಗೆ ಎರಡು ಖಂಡದಿಂದ ತಲೆನೋವು.

ಸರಿ, ಶಾಲೆಗೆ ಬರೋಣ. 1843ರಲ್ಲೇ ಅಕ್ರೊಪಾಂಗಲ್ಲಿ ಹುಡುಗರ ಶಾಲೆ ಆಯ್ತು, 1848ರ ಜುಲೈಲಿ ಐದು ಜನ ವಿದ್ಯಾರ್ಥಿಗಳ ಸೆಮಿನರಿ, ಅಂದ್ರೆ ಪಾದ್ರಿ ಮೇಷ್ಟ್ರುಗಳ ತರಬೇತಿ ಶಾಲೆ, ತೆರೆದ್ರು, ಅದು ಇವತ್ತಿಗೂ ಶಿಕ್ಷಕರ ಕಾಲೇಜಾಗಿ ನಡೀತಾ ಇದೆ. ಮಕ್ಕಳನ್ನ ಶಾಲೆಗೆ ಕಳಿಸಿದ್ದು ಯಾರು? ಇದು ಮುಖ್ಯ. ಹೆಚ್ಚಾಗಿ ಎರಡು ತುದಿಯವರು. ಒಂದು ತುದೀಲಿ ಜೀತದವರು, ಸಾಲಕ್ಕೆ ಅಡವಿಟ್ಟ ಮಕ್ಕಳು, ಕುಲದಲ್ಲಿ ನೆಲೆ ಇಲ್ದೋರು. ಇನ್ನೊಂದು ತುದೀಲಿ ಅರಮನೆಗೆ ಹತ್ತಿರದ ಮನೆತನದವರು, ಒಬ್ಬ ಹುಡುಗನನ್ನ ಕಳಿಸಿ ನೋಡೋಣ, ಬಿಳಿಯರ ವಿದ್ಯೆ ಏನಿದೆ ಅಂತ ಒಳಗಿನಿಂದ ತಿಳ್ಕೊಂಡು ಬರಲಿ ಅನ್ನೋರು. ನಡುವಿನ ರೈತರು ಬಹಳ ವರ್ಷ ದೂರಾನೇ ಇದ್ರು, ಅವರಿಗೆ ಹೊಲದ ಕೆಲಸಕ್ಕೆ ಕೈ ಬೇಕು. ಸ್ಕೂಲಿಗೆ ಹೋದ ಮಗ ಸಂಜೆ ಬಂದು ದೈವಕ್ಕೆ ಕೊಟ್ಟ ಪ್ರಸಾದ ತಿನ್ನಲ್ಲ ಅಂದ್ರೆ ಯಾವ ತಾಯಿ ಸುಮ್ನಿರ್ತಾಳೆ ಹೇಳಿ.

ಕ್ರೈಸ್ತರಾದವರು ಊರಿನ ಒಳಗೆ ಇರಬಾರದು ಅಂತ ಮಿಷನ್ ಊರಿನ ಅಂಚಿಗೆ ಬೇರೆ ಕೇರಿ ಕಟ್ಟಿಸ್ತು. ಅದಕ್ಕೆ ಸೇಲಂ ಅಂತ ಹೆಸರು, ತಮಿಳುನಾಡಿನ ಸೇಲಂ ಅಲ್ಲ, ಬೈಬಲ್ಲಿನ ಸೇಲಂ. ನೇರ ಬೀದಿ, ಕಲ್ಲಿನ ಮನೆ, ಮಾವಿನ ಮರ, ನಡುವೆ ಚರ್ಚು, ಪಕ್ಕ ಶಾಲೆ, ಗಂಟೆ. ಬೆಳಗ್ಗೆ ಗಂಟೆ ಹೊಡೆದ್ರೆ ಪ್ರಾರ್ಥನೆ, ಮತ್ತೆ ಹೊಡೆದ್ರೆ ಪಾಠ, ಆಮೇಲೆ ಕೈಕೆಲಸ. ಡೋಲು ಬಡಿಯೋ ಹಾಗಿಲ್ಲ, ಭಾನುವಾರ ಹೊಲಕ್ಕೆ ಹೋಗೋ ಹಾಗಿಲ್ಲ, ಎರಡನೇ ಹೆಂಡತಿ ಇಲ್ಲ, ಊರ ದೊಡ್ಡ ಹಬ್ಬ ಓಡ್ವಿರಾಕ್ಕೆ ಹೋಗೋ ಹಾಗಿಲ್ಲ. ತಪ್ಪಿದವರನ್ನ ಸಭೆಯ ಹಿರಿಯರು ವಿಚಾರಿಸೋರು, ದಂಡ ಹಾಕೋರು, ಪ್ರಭುಭೋಜನದಿಂದ ಹೊರಗಿಡೋರು. ಈ ಸಭೆಗೆ ಈಗ ಪ್ರೆಸ್ಬಿಟೇರಿಯನ್ ಸಭೆ ಅಂತ ಹೆಸರು, ಘಾನಾದಲ್ಲಿ ಇವತ್ತಿಗೂ ಪ್ರೆಸ್ಬಿಟೇರಿಯನ್ ಶಿಸ್ತು ಅನ್ನೋ ಮಾತಿದೆ, ಅರ್ಧ ಹೊಗಳಿಕೆ, ಅರ್ಧ ತಮಾಷೆ. ಅದು ಹುಟ್ಟಿದ್ದು ಈ ಬೀದೀಲಿ.

ಈ ಕೇರಿ ಬಗ್ಗೆ ಬಿಳಿಯರ ವರದಿಗಳನ್ನ ಓದಿದ್ರೆ ಕತ್ತಲು ಬೆಳಕು ಅಂತ ಬರೀತಾರೆ. ಆದ್ರೆ ಯಾರು ಅಲ್ಲಿ ಹೋಗಿ ಸೇರ್ಕೊಂಡ್ರು ಅಂತ ನೋಡಿದ್ರೆ ಬೇರೆ ಚಿತ್ರ ಬರುತ್ತೆ. ಕುಲದಲ್ಲಿ ಜಾಗ ಇಲ್ಲದವನಿಗೆ ಅಲ್ಲಿ ಮನೆ ಕಟ್ಕೊಳ್ಳೋ ಜಾಗ ಸಿಗ್ತಿತ್ತು. ಜೀತದಲ್ಲಿದ್ದವನಿಗೆ ಕಾಪಾಡೋರು ಸಿಗ್ತಿದ್ರು. ಇಷ್ಟವಿಲ್ಲದ ಮದುವೆ ತಪ್ಪಿಸ್ಕೊಳ್ಳೋ ಹುಡುಗಿಗೆ ಬಾಗಿಲು ಸಿಗ್ತಿತ್ತು. ಎಲ್ಲರೂ ಯೇಸುವನ್ನ ಹುಡುಕಿ ಬಂದ್ರು ಅಂತೇನಿಲ್ಲ, ಬಂದ ಮೇಲೆ ಕೆಲವರಿಗೆ ಯೇಸು ಸಿಕ್ಕಿದ, ಅದು ಅವರವರ ವಿಷ್ಯ.

ಈಗ ಆಸ್ತಿ ವಿಷಯ, ಇದು ತುಳುನಾಡಿನವರಿಗೆ ಬೇಗ ಅರ್ಥ ಆಗುತ್ತೆ. ಅಕ್ರೊಪಾಂಗ್ ಕಡೆಯ ಅಕಾನ್ ಜನರಲ್ಲಿ ಅಳಿಯಕಟ್ಟು. ಗಂಡ ಸತ್ರೆ ಆಸ್ತಿ ಹೋಗೋದು ಅವನ ತಾಯಿ ಕಡೆಗೆ, ತಮ್ಮಂದಿರಿಗೆ, ಅಕ್ಕತಂಗಿಯರ ಮಕ್ಕಳಿಗೆ. ಹೆಂಡತಿ ಮಕ್ಕಳಿಗೆ ಅದರಲ್ಲಿ ಹಕ್ಕಿಲ್ಲ, ಅವರಿಗೆ ಅವರ ತಾಯಿ ಮನೆಯ ಕಡೆಯಿಂದ ಬರಬೇಕು. ಇದೊಂದು ಪೂರ್ತಿ ವ್ಯವಸ್ಥೆ, ಎಲ್ರೂ ಅದನ್ನ ಪಾಲಿಸೋತನಕ ಯಾರಿಗೂ ಅನ್ಯಾಯ ಆಗಲ್ಲ. ಸೇಲಂ ಕೇರೀಲಿ ಏನಾಯ್ತು? ಗಂಡ ಹೆಂಡತಿ ಮಕ್ಕಳು ತಾಯಿ ಮನೆ ಬಿಟ್ಟು ಬೇರೆ ಕಲ್ಲಿನ ಮನೇಲಿ ಇರ್ತಾರೆ, ಇಬ್ರೂ ದುಡಿದು ಕಟ್ಟಿದ ಮನೆ, ಗಂಡ ಸತ್ತ ಮಾರನೇ ದಿನ ಅವನ ಅಳಿಯ, ಅಂದ್ರೆ ಅಕ್ಕನ ಅಥವಾ ತಂಗಿಯ ಮಗ, ಬಂದು ಬೀಗದ ಕೈ ಕೇಳ್ತಾನೆ. ಮಿಷನ್ ನಿಯಮ ಮಾಡ್ತು, ಸಭೆಯವರು ಸತ್ರೆ ಹೆಂಡತಿ ಮಕ್ಕಳಿಗೆ ಪಾಲು ಕೊಡಲೇಬೇಕು ಅಂತ. 1884ರಲ್ಲಿ ಬ್ರಿಟಿಷ್ ಸರ್ಕಾರ ಮದುವೆ ಕಾನೂನು ತಂದು, ಆ ಕಾನೂನಿನ ಪ್ರಕಾರ ಮದುವೆ ಆದವರ ಹೆಂಡತಿ ಮಕ್ಕಳಿಗೆ ಹಕ್ಕು ಅಂತ ಮಾಡ್ತು. ಅಲ್ಲಿಂದ ಕೋರ್ಟು ಕೇಸು ಶುರು, ಅಳಿಯ ಒಂದು ಕಡೆ, ವಿಧವೆ ಒಂದು ಕಡೆ. ಎಲ್ಲರಿಗೂ ಅನ್ವಯ ಆಗೋ ವಾರಸು ಕಾನೂನು ಘಾನಾದಲ್ಲಿ ಬಂದಿದ್ದು 1985ರಲ್ಲಿ, ಅಂದ್ರೆ ನೂರು ವರ್ಷ ಎಳೆದಾಡಿದ್ದಾರೆ. ನಮ್ಮಲ್ಲಿ ಅಳಿಯಕಟ್ಟು ಹೇಗೆ ಸಡಿಲ ಆಯ್ತು ಅಂತ ನಿಮ್ಮ ಮನೆ ಹಿರಿಯರನ್ನ ಕೇಳಿ, ಅಲ್ಲೂ ಸ್ವಂತ ಸಂಪಾದನೆ, ಬೇರೆ ಮನೆ, ಕೋರ್ಟು ಇವೇ ಮೂರು ಬರುತ್ತೆ.

ಮುಂದೆ ಭಾಷೆ. ಇಲ್ಲಿ ಮೇಷ್ಟ್ರುಗಳು ಜಾಸ್ತಿ ಕೂತಿದ್ದೀರಿ, ಈ ಭಾಗ ನಿಮಗೆ. ಬಾಸೆಲಿನವರ ಪಟ್ಟು ಏನಿತ್ತು ಅಂದ್ರೆ ತಾಯ್ನುಡೀಲೇ ಕಲಿಸ್ಬೇಕು. ಅಕ್ರೊಪಾಂಗಲ್ಲಿ ಟ್ವಿ, ಓಸುವಲ್ಲಿ ಗಾ. ಇದಕ್ಕೆ ಬುನಾದಿ ಹಾಕಿದವನು ಯೊಹಾನ್ ಗಾಟ್‌ಲೀಬ್ ಕ್ರಿಸ್ಟಾಲರ್. ಇವನು ಗೋಲ್ಡ್ ಕೋಸ್ಟಿಗೆ ಹೋಗಿದ್ದು 1853ರಲ್ಲಿ, ನಮ್ಮ ಕಿಟೆಲ್ ಮಂಗಳೂರಿಗೆ ಬಂದಿದ್ದೂ 1853ರಲ್ಲಿ, ಇಬ್ರೂ ಬಾಸೆಲಿನ ಒಂದೇ ಸೆಮಿನರೀಲಿ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಓದಿದವರು. ಕ್ರಿಸ್ಟಾಲರ್ ಟ್ವಿ ಬೈಬಲ್ ಮುಗಿಸಿದ್ದು 1871ರಲ್ಲಿ, ವ್ಯಾಕರಣ 1875ರಲ್ಲಿ, ನಿಘಂಟು 1881ರಲ್ಲಿ. ನಡುವೆ 1879ರಲ್ಲಿ ಮೂರು ಸಾವಿರದ ಆರುನೂರು ಗಾದೆ ಸಂಗ್ರಹ ಮಾಡಿದ. ಗಾದೆಗಳಲ್ಲಿ ಅಲ್ಲಿನ ದೈವ, ಅಲ್ಲಿನ ರಾಜ, ಅಲ್ಲಿನ ಹೆಂಡ ಎಲ್ಲ ಇದೆ, ಯಾವುದನ್ನ ಮಿಷನ್ ಬಿಡಿಸ್ಬೇಕು ಅಂತ ಹೊರಟಿತ್ತೋ ಅದೆಲ್ಲ ಅಚ್ಚಾಗಿ ಉಳೀತು. ಇವನೊಬ್ಬನೇ ಮಾಡಿದ್ದಲ್ಲ. ಡೇವಿಡ್ ಅಸಾಂಟೆ, ಥಿಯೋಫಿಲಸ್ ಓಪೋಕು ಇವರೆಲ್ಲ ಆ ಕೆಲಸದ ಜೊತೆಗಾರರು, ಭಾಷೆ ಅವರದ್ದು, ಮುಖಪುಟದಲ್ಲಿ ಹೆಸರು ಮಾತ್ರ ಒಬ್ಬನದ್ದು.

ಈಗ ತಮಾಷೆ ನೋಡಿ. ಮಿಷನ್ ಟ್ವಿ ಟ್ವಿ ಅಂತಿದ್ರೆ ಅಪ್ಪ ಅಮ್ಮಂದಿರು ಇಂಗ್ಲಿಷ್ ಕಲಿಸಿ ಅಂತ ಕೇಳ್ತಾ ಇದ್ರು! ಯಾಕಂದ್ರೆ ಕರಾವಳೀಲಿ ವ್ಯಾಪಾರಿ ಕಂಪನಿಗಳಲ್ಲಿ ಗುಮಾಸ್ತರ ಕೆಲಸ ಸಿಗೋದು ಇಂಗ್ಲಿಷ್ ಬಂದವರಿಗೆ. ಪಶ್ಚಿಮಕ್ಕೆ ಕೇಪ್ ಕೋಸ್ಟ್ ಕಡೆ ವೆಸ್ಲಿಯನ್ ಮಿಷನ್ನಿನವರು ಇಂಗ್ಲಿಷಿಗೇ ಒತ್ತು ಕೊಡೋರು, ಅಲ್ಲಿ ಓದಿದ ಹುಡುಗ ಕೋಟು ಹಾಕ್ಕೊಂಡು ಲೆಡ್ಜರ್ ಬರೀತಾನೆ, ಇಲ್ಲಿ ಓದಿದವನು ಟ್ವಿ ಬೈಬಲ್ ಹಿಡ್ಕೊಂಡು ಹಳ್ಳಿ ಮೇಷ್ಟ್ರಾಗ್ತಾನೆ. ಜರ್ಮನ್ ಪಾದ್ರಿಗಳಿಗೆ ಹಳ್ಳಿ ಹುಡುಗ ಹಳ್ಳೀಲೇ ಒಳ್ಳೆ ರೈತ, ಒಳ್ಳೆ ಬಡಗಿ, ಒಳ್ಳೆ ಕ್ರೈಸ್ತ ಆಗಿರಲಿ ಅನ್ನೋ ಕನಸು, ಅವರೇ ಜರ್ಮನಿಯ ಹಳ್ಳಿಯಿಂದ ಬಂದವರು, ಪೇಟೆ ಕಂಡ್ರೆ ಆಗದವರು. 1882ರಲ್ಲಿ ಸರ್ಕಾರ ಶಿಕ್ಷಣ ಕಾನೂನು ತಂದು ಪರೀಕ್ಷೆ ಫಲಿತಾಂಶ ನೋಡಿ ಗ್ರಾಂಟ್ ಕೊಡ್ತೀವಿ, ಇಂಗ್ಲಿಷ್ ಇರಬೇಕು ಅಂತು. ಆಮೇಲೆ ಮಿಷನ್ನೂ ಸ್ವಲ್ಪ ಸ್ವಲ್ಪ ಬಗ್ಗಬೇಕಾಯ್ತು. ಇದು ಹೇಳಿದ ತಕ್ಷಣ ನೀವು ಇಲ್ಲಿನ ಕನ್ನಡ ಮಾಧ್ಯಮದ ಜಗಳಕ್ಕೆ ಹೋಗ್ತೀರಿ ಅಂತ ಗೊತ್ತು, ಹೋಗಿ, ಆದ್ರೆ ಒಂದು ವ್ಯತ್ಯಾಸ ಗಮನಿಸಿ, ಅಲ್ಲಿ ತಾಯ್ನುಡಿ ಬೇಕು ಅಂದವನು ಹೊರಗಿನವನು. ಹೊರಗಿನವನು ನಿಮ್ಮ ಭಾಷೇಲೇ ಇರಿ ಅಂದಾಗ ಒಳಗಿನವನಿಗೆ ಅನುಮಾನ ಬರೋದು ಸಹಜ, ನನ್ನನ್ನ ಇಲ್ಲೇ ಕೂರಿಸೋಕೆ ನೋಡ್ತಿದಾನಾ ಅಂತ. ಆ ಅನುಮಾನ ಪೂರ್ತಿ ಸುಳ್ಳೂ ಆಗಿರ್ಲಿಲ್ಲ.

ಗುಲಾಮಗಿರಿ ವಿಷಯಕ್ಕೆ ಬರ್ತೀನಿ, ಇದರಲ್ಲಿ ಮಿಷನ್ ಒಳಗೇ ಎರಡು ಗುಂಪು. 1860ರ ದಶಕದ ಶುರುವಲ್ಲಿ ಬಾಸೆಲಿನ ಕಮಿಟಿ ನಮ್ಮ ಸಭೆಯವರು ಯಾರೂ ಗುಲಾಮರನ್ನ ಇಟ್ಕೊಳ್ಳೋ ಹಾಗಿಲ್ಲ, ಬಿಡುಗಡೆ ಮಾಡ್ಬೇಕು ಅಂತ ಆಜ್ಞೆ ಮಾಡ್ತು. ಅಲ್ಲಿದ್ದ ಕೆಲವರು, ಅದರಲ್ಲೂ ಅದೇ ತ್ಸಿಮ್ಮರ್‌ಮಾನ್, ಇಲ್ಲಿನ ಮನೆ ಜೀತ ಅಮೆರಿಕಾದ ತೋಟದ ಗುಲಾಮಗಿರಿ ಥರ ಅಲ್ಲ, ಏಕಾಏಕಿ ಕಿತ್ತುಹಾಕಿದ್ರೆ ಸಮಾಜ ಅಲ್ಲಾಡುತ್ತೆ, ನಿಧಾನಕ್ಕೆ ಮಾಡೋಣ ಅಂತ ವಾದ ಮಾಡಿದ್ರು. ಯೋಚಿಸಿ, ಹೆಂಡತಿಯನ್ನ ಗುಲಾಮರ ಹಡಗಿಂದ ಪಡೆದ ಮನುಷ್ಯ ಹೀಗೆ ಹೇಳ್ತಾನೆ. ಸಿಟ್ಟು ಬರುತ್ತೆ, ಆದ್ರೆ ಆ ಸಮಾಜದ ಒಳಗೆ ಅವನಷ್ಟು ಬದುಕಿದ ಯುರೋಪಿಯನ್ನರು ಕಡಿಮೆ, ಹಾಗಾಗಿ ಅವನ ಮಾತನ್ನ ಸುಲಭಕ್ಕೆ ತಳ್ಳಿಹಾಕೋಕೂ ಆಗಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಇಲ್ಲಿ ಕಮಿಟಿ ಸರಿ, ಅವನು ತಪ್ಪು. ಯಜಮಾನನಿಗೆ ಮನೆ ಜೀತ ಸೌಮ್ಯವಾಗಿ ಕಾಣಬಹುದು, ಸೇಲಂ ಕೇರಿಗೆ ಓಡಿ ಬಂದವರಿಗೆ ಹಾಗೆ ಕಂಡಿದ್ರೆ ಓಡಿ ಬರ್ತಿರ್ಲಿಲ್ಲ.

1874ರ ಕೊನೆಗೆ ಬ್ರಿಟಿಷ್ ಸರ್ಕಾರಾನೇ ಗುಲಾಮಗಿರಿ ರದ್ದು ಮಾಡ್ತು. ಆಗ ಅಕಿಮ್ ರಾಜ್ಯದ ರಾಜಧಾನಿ ಕಿಬೀಲಿ ಪಾದ್ರಿಯಾಗಿದ್ದವನು ಡೇವಿಡ್ ಅಸಾಂಟೆ, ಅಕ್ರೊಪಾಂಗಿನ ಹುಡುಗ, 1857ರಿಂದ 62ರವರೆಗೆ ಬಾಸೆಲಲ್ಲಿ ಓದಿ ಬಂದವನು. ಅವನು ಕಾನೂನನ್ನ ಕಾನೂನಿನ ಥರಾನೇ ತಗೊಂಡ. ರಾಜ ಅಮೊವಾಕೊ ಆತ್ತನ ಆಳುಗಳು ಕ್ರೈಸ್ತರ ಕೇರಿಗೆ ಬಂದು ಸೇರೋಕೆ ಶುರು ಮಾಡಿದ್ರು, ಬಂದವರು ಅರಮನೆ ಚಾಕರಿ ಮಾಡಲ್ಲ ಅಂದ್ರು, ಹಬ್ಬದಲ್ಲಿ ಪಲ್ಲಕ್ಕಿ ಹೊರೋದಿಲ್ಲ ಅಂದ್ರು. ರಾಜನ ದೃಷ್ಟೀಲಿ ನೋಡಿ, ಅವನಿಗೆ ಇದು ಧರ್ಮದ ಪ್ರಶ್ನೇನೇ ಅಲ್ಲ, ಅವನ ರಾಜ್ಯದೊಳಗೆ ಇನ್ನೊಂದು ರಾಜ್ಯ ಹುಟ್ಟಿದೆ, ಅದರ ಪ್ರಜೆಗಳಿಗೆ ಅವನ ಆಜ್ಞೆ ನಡೆಯಲ್ಲ. ಗಲಾಟೆ ಗವರ್ನರ್ ತನಕ ಹೋಯ್ತು, ಅಸಾಂಟೆಯನ್ನ ಕಿಬಿಯಿಂದ ವರ್ಗ ಮಾಡಿದ್ರು, ರಾಜನನ್ನ 1880ರಲ್ಲಿ ಬ್ರಿಟಿಷರು ಲಾಗೋಸಿಗೆ ಗಡಿಪಾರು ಮಾಡಿದ್ರು, ಐದು ವರ್ಷ ಆದ್ಮೇಲೆ ಬಿಟ್ರು.

ಇದೇ ಕಿಬೀಲಿ ಇನ್ನೊಂದು ಸಂಸಾರ. ರಾಜನ ಆಸ್ಥಾನದಲ್ಲಿ ಡೋಲು ಬಾರಿಸೋ ಮುಖ್ಯಸ್ಥ ಯಾವ್ ಬೊವಾಚೆ, ರಾಜ್ಯದ ಡೋಲು ಅಂದ್ರೆ ಸುಮ್ನೆ ವಾದ್ಯ ಅಲ್ಲ, ಅದರಲ್ಲಿ ರಾಜರ ವಂಶಾವಳಿ ನುಡಿಸ್ತಾರೆ, ಅಂದ್ರೆ ಈತ ಒಂಥರಾ ಆಸ್ಥಾನದ ಚರಿತ್ರೆಕಾರ. ಈತ ಬಾಸೆಲ್ ಮಿಷನ್ ಸೇರಿ ಡೋಲು ಬಿಟ್ಟು ಸುವಾರ್ತಿಕನಾದ. ಅವನ ಒಬ್ಬ ಮಗ ಅಕ್ರೊಪಾಂಗ್ ಸೆಮಿನರೀಲಿ ಓದಿ 1912ರಲ್ಲಿ ಅದೇ ಅಕಿಮ್ ರಾಜ್ಯಕ್ಕೆ ರಾಜನಾದ, ನಾನಾ ಓಫೋರಿ ಆತ್ತ, ಬ್ರಿಟಿಷರಿಂದ ಸರ್ ಪದವಿಯನ್ನೂ ತಗೊಂಡ. ಇನ್ನೊಬ್ಬ ಮಗ ಜೆ.ಬಿ. ದಾಂಕ್ವಾ ಮಿಷನ್ ಶಾಲೇಲಿ ಶುರು ಮಾಡಿ ಲಂಡನ್ನಲ್ಲಿ ಲಾಯರಾಗಿ ಬಂದು 1947ರಲ್ಲಿ ಸ್ವಾತಂತ್ರ್ಯ ಕೇಳೋ ಪಕ್ಷ ಕಟ್ಟಿದವರಲ್ಲಿ ಒಬ್ಬನಾದ, ದೇಶಕ್ಕೆ ಘಾನಾ ಅನ್ನೋ ಹೆಸರು ಬರೋದ್ರಲ್ಲಿ ಅವನ ಪಾತ್ರ ದೊಡ್ಡದು. ಮಿಷನ್ ಶಾಲೆ ರಾಜರ ಅಧಿಕಾರ ಸಡಿಲ ಮಾಡ್ತು ಅಂತ ಈಗಷ್ಟೇ ಹೇಳಿದೆ, ಇಲ್ಲಿ ಅದೇ ಶಾಲೆ ಓದಿದ ರಾಜನನ್ನ ತಯಾರು ಮಾಡಿ ಕೂರಿಸ್ತು. ಎರಡೂ ನಿಜ.

ಕೈಕೆಲಸದ ಬಗ್ಗೆ ಹೇಳ್ಲಿಲ್ಲ ಅಲ್ವಾ. ಬಾಸೆಲಿನವರಿಗೆ ಎಲ್ಲಿ ಹೋದ್ರೂ ವರ್ಕ್‌ಶಾಪು ಬೇಕು, ಇಲ್ಲಿ ಹಂಚು ನೇಯ್ಗೆ ಅಂದ್ರೆ ಅಲ್ಲಿ ಓಸುವಲ್ಲಿ ಬಡಗಿ ಕೆಲಸ, ಕಮ್ಮಾರಿಕೆ, ಗಾಡಿ ರಿಪೇರಿ. ಆ ಕಮ್ಮಾರಶಾಲೇಲಿ ಕೆಲಸ ಕಲಿತ ಒಬ್ಬ ಹುಡುಗ ಟೆಟ್ಟೆ ಕ್ವಾಶಿ. ಓದು ಬರಹ ಇಲ್ಲದವನು. ಫರ್ನಾಂಡೊ ಪೊ ಅನ್ನೋ ದ್ವೀಪಕ್ಕೆ ದುಡಿಯೋಕೆ ಹೋಗಿ ವಾಪಸ್ ಬರುವಾಗ ಕೋಕೋ ಬೀಜ ತಂದು 1879ರಲ್ಲಿ ಅಕ್ರೊಪಾಂಗ್ ಹತ್ರದ ಮಾಂಪಾಂಗಲ್ಲಿ ನೆಟ್ಟ. ಕೋಕೋ ಅವನಿಗಿಂತ ಮೊದಲೇ ಮಿಷನ್ನಿನವರು 1850ರ ದಶಕದ ಕೊನೇಲಿ ತರಿಸಿ ನೆಟ್ಟಿದ್ರು, ಹೆಚ್ಚು ಗಿಡ ಬದುಕ್ಲಿಲ್ಲ, ಹಾಗಾಗಿ ಯಾರು ಮೊದಲು ಅಂತ ಘಾನಾದಲ್ಲಿ ಇವತ್ತಿಗೂ ವಾದ ಇದೆ, ನಮ್ಮಲ್ಲಿ ಕಾಫಿಗೆ ಬಾಬಾಬುಡನ್ ಇದ್ದ ಹಾಗೆ ಅಲ್ಲಿ ಕೋಕೋಗೆ ಟೆಟ್ಟೆ ಕ್ವಾಶಿ. ಕ್ವಾಶಿಯ ಗಿಡದ ಬೀಜ ಅಕ್ಕಪಕ್ಕದ ರೈತರಿಗೆ ಹೋಯ್ತು. 1891ರಲ್ಲಿ ಮೊದಲ ಸಲ ರಫ್ತಾದ ಕೋಕೋ ಬರೀ ಎಂಬತ್ತು ಪೌಂಡು ತೂಕ. 1911ಕ್ಕೆ ಜಗತ್ತಲ್ಲೇ ಅತಿ ಹೆಚ್ಚು ಕೋಕೋ ಬೆಳೆಯೋದು ಗೋಲ್ಡ್ ಕೋಸ್ಟ್! ಇಪ್ಪತ್ತೇ ವರ್ಷ, ಬಿಳಿಯರ ಎಸ್ಟೇಟ್ ಇಲ್ಲ, ಪೂರ್ತಿ ಅಲ್ಲಿನ ರೈತರು. ಅಕುವಾಪೆಮ್ ಬೆಟ್ಟದವರು ಗುಂಪು ಗುಂಪಾಗಿ ದುಡ್ಡು ಹಾಕಿ ಕೆಳಗೆ ಅಕಿಮ್ ಕಾಡಲ್ಲಿ ಜಮೀನು ಕೊಂಡ್ರು, ಒಂದು ತೋಟದ ಲಾಭದಲ್ಲಿ ಮುಂದಿನ ಜಮೀನು, ಅದರ ಲಾಭದಲ್ಲಿ ಅದರ ಮುಂದಿನದು. ಊರಲ್ಲಿ ಎರಡಂತಸ್ತಿನ ಮನೆ ಎದ್ವು, ಮಕ್ಕಳ ಫೀಸು ಬಂತು. ಆ ನಡುವಿನ ರೈತರು ಅಂದ್ನಲ್ಲ, ಶಾಲೆಯಿಂದ ದೂರ ಇದ್ದವರು, ಅವರು ಮಕ್ಕಳನ್ನ ಶಾಲೆಗೆ ಸಾಲುಗಟ್ಟಿ ಕಳಿಸಿದ್ದು ಈಗ. ಉಪದೇಶ ಐವತ್ತು ವರ್ಷದಲ್ಲಿ ಮಾಡದ್ದನ್ನ ಕೋಕೋ ಮಾಡ್ತು ಅಂದ್ರೆ ಪಾದ್ರಿಗಳಿಗೆ ಬೇಜಾರಾಗಬಹುದು, ಇಲ್ಲಿ ಯಾರಾದ್ರೂ ಇದ್ರೆ ಕ್ಷಮಿಸಿ.

ಮೊದಲ ಮಹಾಯುದ್ಧ ಬಂತು, ಬ್ರಿಟಿಷರಿಗೆ ಜರ್ಮನ್ ಮಿಷನರಿಗಳು ಶತ್ರುಗಳಾದ್ರು. ಇಲ್ಲಿ ಹಿಡಿದು ಕ್ಯಾಂಪಿಗೆ ಹಾಕಿದ ಹಾಗೇ ಅಲ್ಲಿ 1917ರ ಡಿಸೆಂಬರಲ್ಲಿ ಎಲ್ರನ್ನೂ ಹಡಗು ಹತ್ತಿಸಿ ಕಳಿಸಿದ್ರು. ಮಿಷನ್ನಿನ ವ್ಯಾಪಾರ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯ್ತು, ಹೌದು, ನಮ್ಮ ಹಂಚಿನ ಕಾರ್ಖಾನೆ ತಗೊಂಡ ಅದೇ ಕಾಮನ್‌ವೆಲ್ತ್ ಟ್ರಸ್ಟ್. ಶಾಲೆ ಚರ್ಚುಗಳ ಉಸ್ತುವಾರಿಗೆ ಸ್ಕಾಟ್‌ಲೆಂಡಿನವರು ಬಂದ್ರು, ಆದ್ರೆ ಅವರು ಬರೀ ಬೆರಳೆಣಿಕೆ ಜನ. ಅಷ್ಟೊಂದು ಹಳ್ಳಿ ಶಾಲೆ, ಹಳ್ಳಿ ಸಭೆ ನಡೆಸಿದವರು ಅಲ್ಲಿನ ಮೇಷ್ಟ್ರು, ಅಲ್ಲಿನ ಪಾದ್ರಿ, ಅಲ್ಲಿನ ಹಿರಿಯರು. 1918ರಲ್ಲಿ ಸಭೆಗೆ ಮೊದಲ ಮಾಡರೇಟರ್, ಅಂದ್ರೆ ಮುಖ್ಯಸ್ಥ, ಆದವರು ಪೀಟರ್ ಹಾಲ್, ಕಾರ್ಯದರ್ಶಿ ಆದವರು ನಿಕೋಲಸ್ ಕ್ಲರ್ಕ್. ಇಬ್ಬರ ಅಪ್ಪಂದಿರೂ 1843ರಲ್ಲಿ ಜಮೈಕಾದಿಂದ ಬಂದಿಳಿದವರು. ಪುಸ್ತಕ ಓದೋ ಕರಿಯರನ್ನ ತೋರ್ಸು ಅಂದಿದ್ದ ರಾಜನಿಗೆ ಪೂರ್ತಿ ಉತ್ತರ ಸಿಗೋಕೆ ಎಂಬತ್ತು ವರ್ಷ ಬೇಕಾಯ್ತು.

ಕೊನೇದಾಗಿ ಒಬ್ಬ ಸಂಗೀತದ ಮೇಷ್ಟ್ರು, ಇಫ್ರಾಯಿಮ್ ಆಮು. 1926ರಲ್ಲಿ ಅಕ್ರೊಪಾಂಗ್ ಟ್ರೈನಿಂಗ್ ಕಾಲೇಜಿಗೆ ಸೇರಿದ. ಹಾರ್ಮೋನಿಯಂ, ಜರ್ಮನ್ ರಾಗದ ಕೀರ್ತನೆ ಕಲಿಸ್ಬೇಕಾಗಿದ್ದ ಮನುಷ್ಯ ಊರಿನ ಡೋಲಿನವರ ಹತ್ರ ಹೋಗಿ ಡೋಲು ಕಲಿಯೋಕೆ ಶುರು ಮಾಡಿದ, ಬಿದಿರಿನ ಕೊಳಲು ಮಾಡಿ ವಿದ್ಯಾರ್ಥಿಗಳಿಗೆ ಊದೋಕೆ ಹೇಳ್ಕೊಟ್ಟ, ಟ್ವೀಲಿ, ತನ್ನ ಎವೆ ಭಾಷೇಲಿ ಹೊಸ ಭಕ್ತಿಗೀತೆ ಕಟ್ಟಿದ, ಮಾತಿನ ಏರಿಳಿತ ರಾಗದಲ್ಲಿ ಕೆಡದ ಹಾಗೆ. ಇದು ಸಣ್ಣ ವಿಷಯ ಅಲ್ಲ, ಟ್ವಿ ಎವೆ ಭಾಷೆಗಳಲ್ಲಿ ಸ್ವರ ಮೇಲೆ ಕೆಳಗೆ ಆದ್ರೆ ಅರ್ಥಾನೇ ಬದಲಾಗುತ್ತೆ, ಜರ್ಮನ್ ರಾಗಕ್ಕೆ ಜೋಡಿಸಿದ ಹಳೇ ಕೀರ್ತನೆಗಳಲ್ಲಿ ಎಷ್ಟೋ ವರ್ಷ ಜನ ಅರ್ಥ ಕೆಟ್ಟ ಸಾಲುಗಳನ್ನೇ ಭಕ್ತಿಯಿಂದ ಹಾಡಿದ್ರು. ಆಮೇಲೆ ಒಂದು ಭಾನುವಾರ ಆಮು ಕೋಟು ಟೈ ಬಿಟ್ಟು ಹೆಗಲ ಮೇಲೆ ನಾಡಿನ ನೇಯ್ಗೆ ಬಟ್ಟೆ ಹೊದ್ಕೊಂಡು ಪುಲ್ಪಿಟ್ ಹತ್ತಿ ಪ್ರಸಂಗ ಮಾಡಿದ. ಸಭೆಗೆ ಬಂದು ಕೂರೋರು ಆ ಬಟ್ಟೆ ಹೊದ್ಕೊಂಡು ಬರಬಹುದು, ಬರ್ತಾನೂ ಇದ್ರು, ಮೇಲೆ ನಿಂತು ಮಾತಾಡೋನು ಹೊದೆಯೋ ಹಾಗಿಲ್ಲ.

1933ರಲ್ಲಿ ಆಮುವನ್ನ ಕೆಲಸದಿಂದ ತೆಗೆದ್ರು. ಬಿಳಿಯರು ತೆಗೆದ್ರು ಅಂತ ನೀವಂದ್ಕೊಂಡಿದ್ರೆ ಅಷ್ಟು ಸಲೀಸಲ್ಲ, ಆ ಹೊತ್ತಿಗೆ ಸಭೆಯ ಆಡಳಿತದಲ್ಲಿ ಅಲ್ಲಿನವರೇ ಇದ್ರು, ಆಕ್ಷೇಪ ಎತ್ತಿದವರಲ್ಲಿ ಸೇಲಂ ಕೇರೀಲಿ ಹುಟ್ಟಿ ಬೆಳೆದ ಆಫ್ರಿಕನ್ ಹಿರಿಯರೂ ಇದ್ರು. ಅವರ ಕಷ್ಟ ನನಗೆ ಅರ್ಥ ಆಗುತ್ತೆ. ಅವರ ಅಜ್ಜಂದಿರು ಡೋಲು ಬಿಟ್ಟು, ಕುಲ ಬಿಟ್ಟು, ಅಳಿಯಂದಿರ ಜೊತೆ ಕೋರ್ಟಿಗೆ ಓಡಾಡಿ ಕಟ್ಟಿದ ಬದುಕದು, ಈಗ ಓದಿದ ಹುಡುಗ ಒಬ್ಬ ಬಂದು ಡೋಲು ಬಾರಿಸಬಹುದಿತ್ತು ಕಣ್ರೀ ಅಂದ್ರೆ ಅವರು ಕೊಟ್ಟ ಬೆಲೆಗೆ ಏನು ಅರ್ಥ? ಆಮು ಮುಂದಿನ ವರ್ಷ ಸರ್ಕಾರಿ ಕಾಲೇಜು ಅಚಿಮೋಟಾಕ್ಕೆ ಸೇರ್ಕೊಂಡ, ಅಲ್ಲಿ ಡೋಲು ಕ್ಲಾಸ್‌ರೂಮಿನ ಒಳಗೇ ಬಂತು. ಅವನನ್ನ ತೆಗೆದ ಸಭೆಯವರು ಆಮೇಲೆ ಅವನ ಹಾಡುಗಳನ್ನ ಚರ್ಚಲ್ಲಿ ಹಾಡೋಕೆ ಶುರು ಮಾಡಿದ್ರು, ಈಗ ಅಲ್ಲಿ ಡೋಲಿಲ್ಲದ ಭಾನುವಾರ ಸಿಗೋದೇ ಕಷ್ಟ. ಪ್ರಶ್ನೆ ಇದ್ರೆ ಕೇಳಿ, ಕೋಕೋ ಬಗ್ಗೆ ಕೇಳಿದ್ರೆ ಇನ್ನೂ ಖುಷಿ.